ಅಂಚು ಕತ್ತರಿಸದ ಪುಸ್ತಕ

ಫೆಬ್ರವರಿ ೧೮

ಮಗಳೇ,

ನೀನು ಊರು ಸೇರಿದ ಮೇಲೆ ಹಾಕಿದ ಎರಡು ಸಾಲಿನ ಕಾಗದ ತಲುಪಿತು. ಕಾಲೇಜಿನಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುವವಳು ಅಪ್ಪನಿಗೆ ಎರಡೇ ಸಾಲು ಬರೆದರೆ ಉಳಿದ ಮಾತನ್ನೆಲ್ಲ ಯಾರಿಗೆ ಎತ್ತಿಟ್ಟಿದ್ದೀಯೋ! ನಿನ್ನ ಸೋದರತ್ತೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟೇನಾ? ಇನ್ನೊಂದು ಹಾಳೆ ಅಂಚೆಯವನ ಚೀಲದಲ್ಲೇ ಉಳೀತೇನೋ" ಅಂದಳು.

ಕತ್ತರಿ ಮಾವ ಆಸ್ಪತ್ರೆಯಿಂದ ಮನೆಗೆ ಬಂದ. ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆ. ದಿನಾ ಸಂಜೆ ಹೋಗಿ ಬರುತ್ತೇನೆ. ಕಿತ್ತಳೆ ಒಯ್ಯುತ್ತೇನೆ. ಒಂದು ಕೈಯಲ್ಲಿ ಸುಲಿಯಲಾರ, ನಾನೇ ಸುಲಿದು ತೊಳೆ ಬಿಡಿಸಿ ಕೊಡುತ್ತೇನೆ. ಇಪ್ಪತ್ತಾರು ವರ್ಷ ನನ್ನ ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಕತ್ತರಿಸಿದವನು ಈಗ ಮಗುವಿನ ಹಾಗೆ ಬಾಯಿ ತೆರೆಯುತ್ತಾನೆ. ನೋಡಲಾಗುವುದಿಲ್ಲ.

ಮೊನ್ನೆ ತನಿಖೆಯ ಅಧಿಕಾರಿ ಬಂದಿದ್ದ. ಅವನಿಗೆ ಕತ್ತರಿ ಯಂತ್ರವೇ ಗೊತ್ತಿಲ್ಲ, ನಾನೇ ಪಾಠ ಮಾಡಬೇಕಾಯಿತು: ಎರಡು ಹಿಡಿ ಇವೆ, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ, ಎರಡೂ ಕೈ ಹಿಡಿಗಳ ಮೇಲಿರುವಾಗ ಅಲಗಿನ ಕೆಳಗೆ ಕೈ ಹೋಗುವ ಮಾತೇ ಇಲ್ಲ ಎಂದು. ಅವನು ಎಡಗಡೆಯ ಹಿಡಿಯಲ್ಲಿ ದಾರ ಉಜ್ಜಿದ ಗುರುತು ನೋಡಿ, "ಇದನ್ನ ಯಾರು ಕಟ್ಟಿದ್ದು?" ಅಂದ. "ಬೇಗ ಮುಗಿಸೋಕೆ ಅವನೇ ಕಟ್ಕೊಂಡಿರಬೇಕು" ಅಂದೆ. ಬರೆದುಕೊಂಡ. ಯಾರು ಯಾರಿದ್ದಿರಿ ಎಂದು ಕೇಳಿದ. ನಾವಿಬ್ಬರೇ, ಮಗಳು ರಜಕ್ಕೆ ಬಂದಿದ್ದಳು, ಆಗ ಮಹಡಿಯಲ್ಲಿ ಮಲಗಿದ್ದಳು ಎಂದು ಬರೆಸಿದ್ದೇನೆ. ಯಾರಾದರೂ ಕೇಳಿದರೆ ನೀನೂ ಹಾಗೇ ಅನ್ನು. ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ಪ್ರಾರ್ಥನಾ ಮಂದಿರದ ಪುಸ್ತಕಗಳನ್ನು ಹೇಗೋ ಮುಗಿಸಿ ಕೊಟ್ಟೆ. ಈಗ ಕೋರ್ಟಿನ ತೀರ್ಪುಗಳ ಕಟ್ಟು ಬಂದಿದೆ. ದೇವರ ಪುಸ್ತಕವೋ ಕೋರ್ಟಿನ ಪುಸ್ತಕವೋ, ನಮ್ಮಲ್ಲಿ ಎರಡಕ್ಕೂ ಒಂದೇ ಅಂಟು.

ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಅಪ್ಪ


ಮಾರ್ಚ್ ೫

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಹತ್ತು ದಿನ ಮೇಲಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪರೀಕ್ಷೆಯ ಪತ್ರಿಕೆ ತಿದ್ದುವ ನೆಪ ಸಿಗುತ್ತಿತ್ತು. ಈಗ ಆ ಕಟ್ಟೂ ಮುಗಿಯಿತು, ಬೇರೆ ನೆಪವಿಲ್ಲ.

ಈ ತಿಂಗಳು ಎರಡನೇ ವರ್ಷದವರಿಗೆ ಪುರಾತನ ಗ್ರೀಕರ ಒಂದು ಸಂವಾದ ಪಾಠ ಮಾಡುತ್ತಿದ್ದೇನೆ. ಕಥೆ ಹೀಗೆ. ಒಬ್ಬ ಕೂಲಿಯಾಳು ಕುಡಿದ ಅಮಲಿನಲ್ಲಿ ಮನೆಯ ಗುಲಾಮನನ್ನು ಕೊಂದುಬಿಡುತ್ತಾನೆ. ಯಜಮಾನ ಅವನ ಕೈಕಾಲಿಗೆ ಹಗ್ಗ ಬಿಗಿದು ಹಳ್ಳಕ್ಕೆ ಹಾಕಿ, ಇವನನ್ನು ಏನು ಮಾಡುವುದು ಧರ್ಮ ಎಂದು ಬಲ್ಲವರನ್ನು ಕೇಳಿಬರಲು ಜನ ಕಳಿಸುತ್ತಾನೆ. ಆಮೇಲೆ ಹಳ್ಳದ ಕಡೆ ತಿರುಗಿಯೂ ನೋಡುವುದಿಲ್ಲ. ಉತ್ತರ ಬರುವಷ್ಟರಲ್ಲಿ ಬಿದ್ದವನು ಚಳಿಗೆ, ಹಸಿವಿಗೆ ಸತ್ತಿರುತ್ತಾನೆ. ಯಜಮಾನನ ಮಗ ಸ್ವಂತ ಅಪ್ಪನ ಮೇಲೆ ಕೊಲೆಯ ದೂರು ಕೊಡುತ್ತಾನೆ. ಅಪ್ಪನ ಮೇಲೆ ದೂರು ಕೊಡುವುದು ದೈವದ್ರೋಹ ಎಂದು ಮನೆಯವರು ಉರಿದು ಬೀಳುತ್ತಾರೆ. ಅಲ್ಲ, ದೇವತೆಗಳು ಮೆಚ್ಚುವ ಕೆಲಸ ಇದೇ ಎಂದು ಮಗ ಹಟ ಹಿಡಿಯುತ್ತಾನೆ. ನ್ಯಾಯಸ್ಥಾನದ ಬಾಗಿಲಲ್ಲಿ ಸಿಕ್ಕ ಒಬ್ಬ ಮುದುಕ ಅವನನ್ನು ನಿಲ್ಲಿಸಿ ಕೇಳುತ್ತಾನೆ: ಅಷ್ಟು ಖಚಿತವಾಗಿ ಹೇಳುತ್ತೀಯಲ್ಲ, ಈ ದೈವಭಕ್ತಿ ಅಂದರೇನು? ದೇವತೆಗಳು ಮೆಚ್ಚಿದ್ದಕ್ಕೆ ಒಂದು ಕೆಲಸ ಒಳ್ಳೆಯದಾಗುತ್ತದೋ, ಒಳ್ಳೆಯದೆಂಬ ಕಾರಣಕ್ಕೇ ಅವರು ಅದನ್ನು ಮೆಚ್ಚುತ್ತಾರೋ? ಮಗ ಹೇಳಿದ ಒಂದು ಉತ್ತರವೂ ನಿಲ್ಲುವುದಿಲ್ಲ. ಕೊನೆಗೆ ಅವಸರವಿದೆ ಎಂದು ಹೇಳಿ ಹೊರಟುಹೋಗುತ್ತಾನೆ.

ನಡುವೆ ಮುದುಕ ಇನ್ನೊಂದು ಮಾತು ಮುಂದಿಡುತ್ತಾನೆ. ನ್ಯಾಯ ದೊಡ್ಡದು, ದೈವಭಕ್ತಿ ಅದರೊಳಗಿನ ಒಂದು ಪಾಲು ಎಂದು. ಹಲಗೆಯ ಮೇಲೆ ದೊಡ್ಡ ವೃತ್ತ ಬರೆದು ಅದರೊಳಗೆ ಚಿಕ್ಕದೊಂದು ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಮೇಡಂ, ಆ ಮಗನ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ?" ಅಂದಳು. ಗಂಟೆ ಹೊಡೆಯಿತು. ಕಾಲೇಜಿನ ಗಂಟೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದದ್ದು ಅದೇ ಮೊದಲು.

ಈ ಪಾಠದ ಟಿಪ್ಪಣಿಗಳನ್ನು ಕಾಲೇಜಿನವರು ಚಿಕ್ಕ ಪುಸ್ತಕ ಮಾಡುತ್ತಿದ್ದಾರೆ. ಮೊದಲು ತೆಗೆದ ಒಂದು ಪ್ರತಿಯ ಹಾಳೆಗಳನ್ನು ಮಡಿಸದೆ ಹಾಗೇ ಕಳಿಸಿದ್ದೇನೆ. ನನಗಾಗಿ ಇದೊಂದನ್ನು ನೀವೇ ಕಟ್ಟಿಕೊಡಿ. ನೀವು ಕಟ್ಟುವ ಪುಸ್ತಕವನ್ನು ಓದುವವರಲ್ಲ, ಗೊತ್ತು. "ಬೈಂಡರ್ ನೋಡಬೇಕಾದ್ದು ಪುಟದ ನಂಬರು, ಅಕ್ಷರ ಅಲ್ಲ. ಓದ್ತಾ ಕೂತ್ರೆ ಹೊಲಿಗೆ ಓರೆ" ಎಂದು ನನಗೆ ಎಷ್ಟು ಸಲ ಬೈದಿಲ್ಲ! ಅವಸರವೇನಿಲ್ಲ.

ನಿಮ್ಮ ಮಗಳು

ಒಂದು ಮಾತು ಮರೆತೆ. ನಾನು ಹಗಲು ಮಲಗುವವಳಲ್ಲ, ಅಪ್ಪಾ.


ಮಾರ್ಚ್ ೧೬

ಚೂರು ರಾಣಿಗೆ,

ಕತ್ತರಿ ಮಾವ ಬರೆಯುವುದು. ನೀನು ಈಗ ದೊಡ್ಡ ಮೇಡಂ. ಆದರೆ ಯಂತ್ರದ ಕೆಳಗೆ ಕೂತು ಕಾಗದದ ಚೂರು ಆರಿಸುತ್ತಿದ್ದವಳನ್ನು ನಾನು ಬೇರೆ ಹೆಸರಿನಿಂದ ಕರೆಯಲಾರೆ.

ಬರೆಯುವ ಕೈ ಸರಿಯಾಗೇ ಇದೆ. ತೊಂದರೆ ಇನ್ನೊಂದರದು. ಬಲಗೈ ಬರೆಯುವಾಗ ಎಡಗೈ ಕಾಗದ ಹಿಡಿದುಕೊಂಡಿರುತ್ತದೆ ಎಂಬುದು ಈ ವಯಸ್ಸಿನಲ್ಲಿ ಗೊತ್ತಾಯಿತು. ಮೇಲೆ ಕಲ್ಲು ಇಟ್ಟಿದ್ದೇನೆ. ಆದರೂ ಸರಿಯುತ್ತದೆ. ಸಾಲು ಸೊಟ್ಟಗಿದ್ದರೆ ನಗಬೇಡ.

ಏಪ್ರಿಲ್ ೨೩ಕ್ಕೆ ವಿಚಾರಣೆ. ಕೆಲಸಗಾರ ತಾನೇ ಹಿಡಿ ಕಟ್ಟಿಕೊಂಡ, ತಪ್ಪು ಅವನದೇ ಎಂದು ಅಧಿಕಾರಿಯ ವರದಿಯಲ್ಲಿ ಬರೆದಿದೆಯಂತೆ. ನಾನು ಹಾಗಲ್ಲ ಅಂದೆ. "ನಿನ್ನ ಮಾತಿಗೆ ಸಾಕ್ಷಿ ಯಾರು?" ಎಂದು ಕೇಳಿದರು. ನಾನು ಬಾಯಿ ಬಿಟ್ಟರೆ ನಿನ್ನ ಹೆಸರು ಬರುತ್ತದೆ. ನಿನ್ನನ್ನು ಎಳೆಯಲು ಮನಸ್ಸಾಗಲಿಲ್ಲ.

ಇಷ್ಟು ವರ್ಷ ಒಂದು ಹಾಳೆಯನ್ನೂ ಸೊಟ್ಟ ಕತ್ತರಿಸಿದವನಲ್ಲ ನಾನು. ಅಜಾಗರೂಕ ಎಂದು ಬರೆಸಿಕೊಂಡು ಕೂರುವುದು ಬೆರಳಿಗಿಂತ ಹೆಚ್ಚು ನೋಯುತ್ತದೆ. ತಪ್ಪು ಇವನದಲ್ಲ ಎಂಬ ಒಂದು ಸಾಲು ಬೇಕು. ಅಷ್ಟೇ ನನಗೆ ಬೇಕಾದದ್ದು.

ನಿಮ್ಮಪ್ಪ ದಿನಾ ಬರುತ್ತಾರೆ. ಕಿತ್ತಳೆ ಸುಲಿಯುತ್ತಾರೆ. ಬಿಸಿಲು, ಬಸ್ಸು, ಅಂಟಿನ ಗುಣಮಟ್ಟ ಎಲ್ಲ ಮಾತಾಡುತ್ತಾರೆ. ದಾರದ ಮಾತು ಮಾತ್ರ ಇಲ್ಲ. ನಾನೂ ಎತ್ತುವುದಿಲ್ಲ. ಬಾಯಲ್ಲಿ ಅವರು ಕೊಟ್ಟ ತೊಳೆ ಇರುವಾಗ ಏನು ಕೇಳಲಿ?

ನಿನ್ನನ್ನು ಏನೂ ಕೇಳುತ್ತಿಲ್ಲ. ತಾರೀಖು ತಿಳಿಸಿದೆ.

ಮಾವ


ಮಾರ್ಚ್ ೨೪

ಅಪ್ಪನಿಗೆ,

ಸುತ್ತಿ ಬಳಸಿ ಬರೆಯುವುದು ಇನ್ನು ಸಾಕು. ಕಳೆದ ಸಲ ಗ್ರೀಕರ ಹಿಂದೆ ಅಡಗಿಕೊಂಡೆ. ಈ ಸಲ ನೇರ ಹೇಳುತ್ತೇನೆ.

ಜನವರಿ ಒಂಬತ್ತರ ಬೆಳಿಗ್ಗೆ ನಾನು ಮಡಿಸುವ ಮೇಜಿನ ಹತ್ತಿರ ನಿಂತು ಮಡಿಸಿದ ಹಾಳೆಗಳ ಫಾರಮ್ಮುಗಳನ್ನು ಜೋಡಿಸುತ್ತಿದ್ದೆ. ನೀವು ಮೇಣದ ದಾರದ ಉಂಡೆ ತಂದು ಎಡಗಡೆಯ ಹಿಡಿಯನ್ನು ಕೆಳಕ್ಕೆ ಒತ್ತಿ ಮೂರು ಸುತ್ತು ಸುತ್ತಿ ಬಿಗಿದಿರಿ. ಮಾವ, "ಬೇಡ, ನಿಧಾನಕ್ಕೇ ಆಗ್ಲಿ" ಅಂದರು. ನೀವು, "ಭಾನುವಾರ ಮಂದಿರ ತೆರೀತಾರೆ. ದೇವರ ಕೆಲಸ ತಡ ಆಗಬಾರದು. ನಿನ್ನ ಕೈಗೇ ಕಣ್ಣಿದೆ, ಬಿಡೋ" ಎಂದು ನಕ್ಕಿರಿ. ನಾನೂ ನಕ್ಕೆ. ಅದನ್ನೂ ಬರೆಯಲೇಬೇಕು, ನಾನೂ ನಕ್ಕೆ.

ಮಾವನ ಕೈಗೆ ಬಟ್ಟೆ ಸುತ್ತಿದವಳು ನಾನು. ಆಗ ನಿಮ್ಮ ಕಡೆ ನೋಡಿದೆ. ನೀವು ಚಾಕುವಿನಿಂದ ದಾರ ಕತ್ತರಿಸುತ್ತಿದ್ದಿರಿ. ಮೊದಲು ದಾರ, ಆಮೇಲೆ ಅವರ ಹತ್ತಿರ ಬಂದಿರಿ. ಎರಡು ತಿಂಗಳಿಂದ ಕಣ್ಣು ಮುಚ್ಚಿದರೆ ಕಾಣುವುದು ರಕ್ತ ಅಲ್ಲ ಅಪ್ಪಾ, ನಿಮ್ಮ ಆ ಚಾಕು.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಪ್ರೀತಿ ಎಷ್ಟಿದೆಯೋ ಅಷ್ಟೇ ಇದೆ, ಒಂದು ಇನ್ನೊಂದನ್ನು ತಿಂದುಹಾಕಿಲ್ಲ. ಅಮ್ಮ ಹೋದ ಮೇಲೆ ನನಗೆ ಜಡೆ ಹೆಣೆದ ಕೈ ಅದು. ಏಪ್ರಿಲ್ ೨೩ಕ್ಕೆ ನಾನು ಬರುತ್ತೇನೆ. ಕೇಳಿದರೆ ನೋಡಿದ್ದನ್ನು ಹೇಳುತ್ತೇನೆ. ಇದನ್ನು ನಿಮಗೆ ತಿಳಿಸದೆ ಬಂದು ಅಲ್ಲಿ ನಿಲ್ಲಲು ನನ್ನಿಂದಾಗದು, ಅದಕ್ಕೇ ಈ ಕಾಗದ.

ಮಗಳು


ಮಾರ್ಚ್ ೩೦

ಶ್ರೀಮತಿ ಪ್ರಾಧ್ಯಾಪಕರಿಗೆ,

ನಿಮ್ಮ ಪತ್ರ ತಲುಪಿತು. ಅಕ್ಷರ ಕಲಿಸಿದ್ದು ಸಾರ್ಥಕವಾಯಿತು. ನಿಮ್ಮ ಅತ್ತೆ ಓದಿ, "ಹೆತ್ತಪ್ಪನ ಮೇಲೆ ಸಾಕ್ಷಿ ಹೇಳೋಕೆ ಬಸ್ಸು ಹತ್ತಿ ಬರ್ತಾಳಂತಾ?" ಎಂದು ಮೂರು ದಿನದಿಂದ ಪಾತ್ರೆ ಕುಕ್ಕುತ್ತಿದ್ದಾಳೆ.

ಅಂಗಡಿ ಮುಚ್ಚಿಸಿದರೆ ನಿಮ್ಮ ಗ್ರೀಕರು ಬಂದು ತೆರೆಯುತ್ತಾರೇನು? ನಾನು ಅವನನ್ನು ನಡುನೀರಿನಲ್ಲಿ ಬಿಟ್ಟಿಲ್ಲ. ಅವನ ಮನೆಗೆ ಹೋಗುವುದನ್ನು ಒಂದು ದಿನವೂ ತಪ್ಪಿಸಿಲ್ಲ.

ಹಾಳೆಗಳು ಬಂದಿವೆ. ಸಾಲಿನಲ್ಲಿವೆ. ಸರದಿ ಬಂದಾಗ ಕಟ್ಟಲಾಗುವುದು.

ಇಂತಿ,
ಬೈಂಡಿಂಗ್ ಅಂಗಡಿಯ ಮಾಲೀಕ


ಏಪ್ರಿಲ್ ೪

ಚೂರು ರಾಣಿಗೆ,

ನಿನ್ನ ಕಾಗದ ಬಂತು. ನೀನು ಬರುವುದಾಗಿ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಎದ್ದು ಓಡಾಡಿದೆ. ಆಮೇಲೆ ಕಣ್ಣೀರು ಬಂತು. ಇದರಿಂದ ನಿನ್ನ ಮನೆ ಒಡೆಯುವುದಾದರೆ ಬರಬೇಡ ಅಂತಲೂ ಅನ್ನಿಸಿತು. ಬಾ ಅಂತಲೂ ಅನ್ನಿಸಿತು. ಎರಡನ್ನೂ ಬರೆದಿದ್ದೇನೆ.

ಅದರಲ್ಲಿ ನೀನು ಬರೆದ ಗ್ರೀಕರ ಕಥೆಯನ್ನು ನಾಲ್ಕು ಸಲ ಓದಿದೆ. ಮಗ ಮಾತಾಡುತ್ತಾನೆ, ಮುದುಕ ಮಾತಾಡುತ್ತಾನೆ, ಮನೆಯವರು ಕೂಗಾಡುತ್ತಾರೆ. ದೇವರುಗಳಿಗೆ ಏನು ಇಷ್ಟ ಎಂಬ ಚರ್ಚೆಯೂ ಆಯಿತು. ಹಳ್ಳದಲ್ಲಿ ಬಿದ್ದವನು ಏನು ಅಂದ? ಸಾಯುವ ಮುಂಚೆ ಅವನು ಕೂಗಿರಬೇಕಲ್ಲ? ಯಾರ ಹೆಸರು ಹಿಡಿದು ಕೂಗಿದ? ಇಷ್ಟು ಸಾವಿರ ವರ್ಷದಲ್ಲಿ ಯಾರೂ ಕೇಳಲಿಲ್ಲವಾ?

ಅವನೂ ಸಾಚಾ ಅಲ್ಲ, ಒಬ್ಬನನ್ನು ಕೊಂದಿದ್ದ. ನಾನೂ ಸಾಚಾ ಅಲ್ಲ. ಅವತ್ತು ಬೇಡ ಅಂದದ್ದು ನಿಜ, ಗಟ್ಟಿಯಾಗಿ ಅನ್ನಲಿಲ್ಲ. ಹಿಂದೆ ಎಷ್ಟೋ ಸಲ ಹಿಡಿ ಕಟ್ಟಿಸಿಕೊಂಡು ಕೆಲಸ ಮಾಡಿದ್ದೇನೆ. ಬೇಗ ಮುಗಿದರೆ ನನಗೂ ಖುಷಿಯೇ. ಕೇಳಿದರೆ ಇದನ್ನೂ ಹೇಳುವವನೇ.

ನಿಮ್ಮಪ್ಪ ನಾಲ್ಕು ದಿನದಿಂದ ಬಂದಿಲ್ಲ.

ಕಲ್ಲು ಜಾರುತ್ತಿದೆ. ನಿಲ್ಲಿಸುತ್ತೇನೆ.

ಮಾವ


ಏಪ್ರಿಲ್ ೧೭

ಮಗಳೇ,

ಹೋದ ಸಲದ ಕಾಗದವನ್ನು ಹರಿದು ಒಲೆಗೆ ಹಾಕು. ಸಿಟ್ಟಿನಲ್ಲಿ ಬರೆದದ್ದು. ಸ್ವಂತ ಮಗಳನ್ನು ಬಹುವಚನದಲ್ಲಿ ಬೈಯುವವನು ನಾನೊಬ್ಬನೇ ಇರಬೇಕು.

ನಿನ್ನ ಹಾಳೆಗಳನ್ನು ಮಡಿಸಲು ಕೂತೆ. ಪುಟದ ನಂಬರು ಮಾತ್ರ ನೋಡಿಕೊಂಡು ಹೋಗುತ್ತಿದ್ದೆ. ಹನ್ನೊಂದನೇ ಪುಟದಲ್ಲಿ ಹಗ್ಗ ಬಿಗಿದು ಎಂಬುದು ಕಣ್ಣಿಗೆ ಬಿತ್ತು. ಮಡಿಸುವುದನ್ನು ನಿಲ್ಲಿಸಿ ಓದಿಬಿಟ್ಟೆ. ಬೆಳಿಗ್ಗೆ ಕೂತವನು ಊಟಕ್ಕೂ ಏಳಲಿಲ್ಲ. ಕಟ್ಟಬೇಕಾದ ಪುಸ್ತಕವನ್ನು ಓದಿದ್ದು ನನ್ನ ಜೀವಮಾನದಲ್ಲಿ ಇದೊಂದೇ.

ಆ ಯಜಮಾನ ದುಷ್ಟ ಎಂದು ನೀನು ಎಲ್ಲೂ ಬರೆದಿಲ್ಲ. ಧರ್ಮ ಏನೆಂದು ಕೇಳಿಬರಲು ಜನ ಕಳಿಸಿದ್ದಾನೆ, ಪಾಪ. ಆದರೆ ಉತ್ತರ ಬರುವವರೆಗೆ ಹಳ್ಳದಲ್ಲಿ ಬಿದ್ದವನಿಗೆ ಒಂದು ಲೋಟ ನೀರು ಕೊಡಲಿಲ್ಲ. ನಾನೂ ದೇವರ ಕೆಲಸ ಎಂದು ಹೇಳಿಯೇ ದಾರ ಕಟ್ಟಿದೆ. ಪ್ರಾರ್ಥನೆಯ ಪುಸ್ತಕ ಬಿಟ್ಟು ಬೇರೆ ಯಾವುದಾದರೂ ಆಗಿದ್ದರೆ ಅವನು ಬೇಡ ಎಂದಾಗ ಕಿವಿಗೊಡುತ್ತಿದ್ದೆನೋ ಏನೋ. ಯಾವ ದೇವರು ನನ್ನನ್ನು ಅವಸರಪಡಿಸಿದ್ದ? ಒಂದು ವಾರ ತಡವಾಗಿ ಪ್ರಾರ್ಥನೆ ಮಾಡಿದ್ದರೆ ಅವನಿಗೆ ಕೇಳಿಸುತ್ತಿರಲಿಲ್ಲವೇ?

ನಿನ್ನ ವೃತ್ತಗಳು ನನ್ನ ತಲೆಗೆ ಹೋಗಲಿಲ್ಲ. ನಮ್ಮ ಕಸುಬಿನಲ್ಲಿ ಹೇಳುವುದಾದರೆ ನ್ಯಾಯ ಇಡೀ ಪುಸ್ತಕ, ದೈವಭಕ್ತಿ ಅದರಲ್ಲಿ ಒಂದು ಫಾರಮ್ಮು. ನಾನು ಆ ಒಂದು ಫಾರಮ್ಮನ್ನು ಕಿತ್ತು ಕೈಯಲ್ಲಿ ಹಿಡಿದು ಪುಸ್ತಕ ಮುಗಿಯಿತು ಅಂದುಕೊಂಡೆ. ಸರಿಯಾಗಿ ಹೇಳಿದೆನಾ?

ಕತ್ತರಿ ಮಾವನ ಮನೆಗೆ ಹೋಗಲು ಮುಖವಿಲ್ಲ. ಕಿತ್ತಳೆ ಕೊಳ್ಳುತ್ತೇನೆ, ತಿರುವಿನವರೆಗೆ ಹೋಗುತ್ತೇನೆ, ವಾಪಸ್ ಬರುತ್ತೇನೆ. ಮನೆ ತುಂಬ ಕಿತ್ತಳೆಯಾಗಿ ನಿನ್ನ ಅತ್ತೆ ರೇಗುತ್ತಿದ್ದಾಳೆ.

ಇನ್ನೊಂದು ಕೇಳಬೇಕಿತ್ತು. ಆ ಮಗ ದೂರು ಕೊಡುವ ಮುಂಚೆ ಅಪ್ಪನ ಎದುರು ಕೂತು ಒಂದು ಮಾತು ಆಡಿದನಾ? ಹುಡುಕಿದೆ, ಎಲ್ಲೂ ಸಿಗಲಿಲ್ಲ. ಆ ಅಪ್ಪನಿಗೆ ಇಡೀ ಪುಸ್ತಕದಲ್ಲಿ ಒಂದು ಮಾತೂ ಇಲ್ಲ. ನೀನು ನನಗೆ ಮೊದಲು ಬರೆದೆ. ಓದಿದ ದಿನ ಬೆಂಕಿಯಾದೆ. ಈಗ ಅನ್ನಿಸುತ್ತದೆ, ಆ ಮಗ ಮಾಡದೆ ಬಿಟ್ಟದ್ದನ್ನು ನನ್ನ ಮಗಳು ಮಾಡಿದಳು.

ಇಪ್ಪತ್ತಮೂರಕ್ಕೆ ಬಾ. ನಾನು ಅಲ್ಲಿ ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ಹೆದರಿಕೆಯಾಗುತ್ತದೆ.

ಅಪ್ಪ


ಏಪ್ರಿಲ್ ೨೬

ಪ್ರೀತಿಯ ಅಪ್ಪನಿಗೆ,

ಬಸ್ ನಿಲ್ದಾಣದಲ್ಲಿ ನೀವು, "ನಾನು ಒಳಗೆ ಏನಂದೆ? ಒಂದೂ ನೆನಪಿಲ್ಲ" ಅಂದಿರಿ. ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಅದಕ್ಕೇ ಬರೆಯುತ್ತಿದ್ದೇನೆ, ಮರೆಯಬಾರದು.

ಮಾವ ಗೋಡೆ ಪಕ್ಕದ ಕುರ್ಚಿಯಲ್ಲಿ ಎಡಗೈಯನ್ನು ಟವೆಲಿನಡಿ ಇಟ್ಟುಕೊಂಡು ಕೂತಿದ್ದರು. ನಿಮ್ಮನ್ನು ಕರೆದರು. ನೀವು ಎದ್ದಿರಿ, ಎರಡು ಸಲ ನೀರು ಕುಡಿದಿರಿ. ಕನ್ನಡಕದ ಡಬ್ಬಿ ತೆಗೆದಿರಿ. ಏನೋ ಓದಲು ಕನ್ನಡಕ ಹಾಕಿಕೊಳ್ಳುತ್ತೀರಿ ಅಂದುಕೊಂಡೆ. ನೀವು ಅದರೊಳಗಿಂದ ದಾರದ ತುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟಿರಿ. ಗಂಟು ಹಾಗೇ ಇತ್ತು. ಮೂರೂವರೆ ತಿಂಗಳು ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೀರಿ. "ಕಟ್ಟಿದ್ದು ನಾನು. ಅವನು ಬೇಡ ಅಂದ, ನಾನು ಕೇಳಲಿಲ್ಲ" ಅಂದಿರಿ.

ಅಧಿಕಾರಿ ನಿಮ್ಮನ್ನು ನಂಬಲಿಲ್ಲ, ನೆನಪಿದೆಯಾ? "ಮೊದಲಿನ ಹೇಳಿಕೇಲಿ ಬೇರೆ ಇದೆಯಲ್ರೀ. ಹಳೇ ಕೆಲಸಗಾರ ಅಂತ ಕನಿಕರಕ್ಕೆ ಹೀಗೆ ಹೇಳ್ತಿದ್ದೀರೋ ಏನೋ. ನೋಡಿದೋರು ಯಾರಾದ್ರೂ ಇದ್ದಾರಾ?" ಅಂದರು. ನೀವು ನನ್ನ ಕಡೆ ತಿರುಗಿದಿರಿ.

"ನನ್ನ ಮಗಳು ನೋಡಿದಾಳೆ. ಮಹಡೀಲಿ ಮಲಗಿದ್ದಳು ಅಂತ ಬರೆಸಿದ್ದು ಸುಳ್ಳು. ಅವಳು ಹಗಲು ಮಲಗೋಳಲ್ಲ."

ಆಮೇಲೆ ನನಗೆ, "ಹೇಳಮ್ಮ" ಅಂದಿರಿ. ಚಿಕ್ಕವಳಿದ್ದಾಗ ಮಗ್ಗಿ ಒಪ್ಪಿಸಲು ಹೇಳುತ್ತಿದ್ದಿರಲ್ಲ, ಅದೇ ದನಿ. ಹೇಳಿದೆ. ನಾನು ನಕ್ಕದ್ದನ್ನೂ ಹೇಳಿದೆ. ಮಾವ ತಾವಾಗಿಯೇ ಎದ್ದು, ಹಿಂದೆ ಎಷ್ಟೋ ಸಲ ಕಟ್ಟಿಸಿಕೊಂಡದ್ದನ್ನು ಹೇಳಿದರು. ಅಧಿಕಾರಿ ಬರೆಸಿದ ಸಾಲನ್ನು ಗುಮಾಸ್ತ ಓದಿದ: ಕೆಲಸಗಾರನ ತಪ್ಪಿಲ್ಲ. ಮಾವ, "ಇನ್ನೊಂದ್ ಸಲ ಓದ್ತೀರಾ?" ಅಂದರು. ಅವನು ಓದಿದ.

ಆ ಮಗ ಮೊದಲು ಅಪ್ಪನ ಜೊತೆ ಮಾತಾಡಿದನಾ ಎಂಬ ನಿಮ್ಮ ಪ್ರಶ್ನೆಯನ್ನು ತರಗತಿಯಲ್ಲಿ ಇಟ್ಟೆ. ಹಳ್ಳದಲ್ಲಿ ಬಿದ್ದವನು ಏನಂದ ಎಂದು ಮಾವ ಕೇಳಿದ್ದರು, ಅದನ್ನೂ ಇಟ್ಟೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಹಿಂದಿನ ಬೆಂಚಿನ ಹುಡುಗಿಗೆ ನಾನು ಏನು ಮಾಡಿದೆ ಎಂದು ಹೇಳಿದೆ. ಅವಳು, "ನಿಮ್ಮಪ್ಪ ಆಮೇಲೆ ನಿಮ್ಮ ಜೊತೆ ಮಾತಾಡಿದ್ರಾ ಮೇಡಂ?" ಅಂದಳು. ಬಸ್ಸಿನ ಕಿಟಕಿಯಲ್ಲಿ ಎರಡು ಡಜನ್ ಕಿತ್ತಳೆ ತುರುಕಿದರು ಅಂದೆ.

ನಿಮ್ಮ ಮಗಳು


ಮೇ ೨೦

ಮಗಳೇ,

ಆದೇಶ ಬಂತು. ಕತ್ತರಿ ಯಂತ್ರಕ್ಕೆ ಮೊಹರು ಹಾಕಿ ಹೋಗಿದ್ದಾರೆ. ಆರು ತಿಂಗಳು ಅಂಗಡಿ ತೆರೆಯುವಂತಿಲ್ಲ. ಕೋರ್ಟಿನ ಕಟ್ಟನ್ನು ವಾಪಸ್ ಒಯ್ದರು. ಮಂದಿರದವರು ಮುಂದಿನ ಪುಸ್ತಕ ಬೇರೆಯವರಿಗೆ ಕೊಟ್ಟರಂತೆ. ನಿನ್ನ ಅತ್ತೆ ಮೊದಲು ಅತ್ತಳು, ಆಮೇಲೆ, "ಒಳ್ಳೇದಾಯ್ತು, ಈ ಮನೇಲಿ ಅಂಟಿನ ವಾಸನೆ ಇಲ್ಲದೆ ಉಸಿರಾಡಿ ಎಷ್ಟು ಕಾಲವಾಗಿತ್ತು" ಅಂದಳು.

ನಿನ್ನೆ ಧೈರ್ಯ ಮಾಡಿ ಕತ್ತರಿ ಮಾವನ ಮನೆಗೆ ಹೋದೆ. ಬಾಗಿಲು ತೆಗೆದ. ಒಳಗೆ ಬಾ ಅನ್ನಲಿಲ್ಲ, ಬಾಗಿಲು ಹಾಕಲೂ ಇಲ್ಲ. ಕೂತೆ. ಕಿತ್ತಳೆ ಸುಲಿಯಲು ತೆಗೆದರೆ ನನ್ನ ಕೈಯಿಂದ ತೆಗೆದುಕೊಂಡ. ಮಂಡಿಗಳ ನಡುವೆ ಇಟ್ಟುಕೊಂಡು ತಾನೇ ಸುಲಿದ. ಕಾಲು ಗಂಟೆ ಹಿಡಿಯಿತು. ಅರ್ಧ ನನಗೆ ಕೊಟ್ಟ. ಇಬ್ಬರೂ ತಿಂದೆವು. ನಾಳೆಯೂ ಹೋಗುತ್ತೇನೆ.

ಇದರ ಜೊತೆ ನಿನ್ನ ಪುಸ್ತಕ ಕಳಿಸಿದ್ದೇನೆ. ಅಂಗಡಿ ಮುಚ್ಚಿದ್ದರಿಂದ ಅಡುಗೆಮನೆಯ ಮೇಜಿನ ಮೇಲೆ ಹೊಲಿದೆ. ಓದಿಕೊಂಡು ಹೊಲಿದದ್ದಕ್ಕೆ ಎರಡು ಕಡೆ ಹೊಲಿಗೆ ಓರೆಯಾಗಿದೆ, ನಾನು ಹೇಳುತ್ತಿದ್ದುದು ಸುಳ್ಳಲ್ಲ ನೋಡು. ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಸೇರಿಸಿದ್ದೇನೆ. ಎರಡು ಆ ಅಪ್ಪನಿಗೆ, ಎರಡು ಹಳ್ಳದಲ್ಲಿ ಬಿದ್ದವನಿಗೆ. ನಿನ್ನ ವಿದ್ಯಾರ್ಥಿಗಳು ಬೇಕಾದರೆ ಬರೆಯಲಿ.

ಅಂಚು ಮಾತ್ರ ಕತ್ತರಿಸಿಲ್ಲ. ಮಡಿಕೆಗಳು ಹಾಗೇ ಅಂಟಿಕೊಂಡಿವೆ, ಪುಟ ಬಿಡಿಸಲು ಬರುವುದಿಲ್ಲ. ಪಕ್ಕದ ಬೀದಿಯ ಪ್ರೆಸ್ಸಿನವನು, "ಕೊಡಿ, ಒಂದ್ನಿಮಿಷದ ಕೆಲಸ" ಅಂದ. ಕೊಡಲಿಲ್ಲ. ಇಪ್ಪತ್ತಾರು ವರ್ಷ ಈ ಅಂಗಡಿಯಿಂದ ಹೋದ ಪ್ರತಿ ಪುಸ್ತಕದ ಅಂಚನ್ನೂ ಕತ್ತರಿಸಿದವನು ನಿನ್ನ ಕತ್ತರಿ ಮಾವ. ನಿನ್ನದನ್ನು ಇನ್ನೊಬ್ಬರ ಯಂತ್ರಕ್ಕೆ ಕೊಡಲು ಮನಸ್ಸು ಬರಲಿಲ್ಲ.

ನೀನೇ ಒಂದೊಂದು ಪುಟವನ್ನೂ ಚಾಕುವಿನಿಂದ ಬಿಡಿಸಿಕೊಂಡು ಓದು. ಅವಸರ ಮಾಡಬೇಡ. ಕೈ ಜೋಪಾನ.

ನಿನ್ನ ಅಪ್ಪ